ಕಡವು ಬಿಟ್ಟು ಬಸ್ಸು ಹತ್ತಿದ್ದು: ಮಾಲ್ಟಾದಲ್ಲಿ ಆರು ತಿಂಗಳ ಓಡಾಟದ ಪ್ರಕರಣ

ಬಿರ್ಗುವಿನ ನನ್ನ ಬಾಡಿಗೆ ಮನೆಯ ತಾರಸಿಗೆ ಹೋದರೆ ರಾಜಧಾನಿ ವಲ್ಲೆಟ್ಟಾ ಎದುರಿಗೇ ಕಾಣುತ್ತಿತ್ತು. ನಡುವೆ ಇದ್ದದ್ದು ಹೆಚ್ಚೂಕಮ್ಮಿ ಒಂದು ಕಿಲೋಮೀಟರ್ ನೀರು, ಅಷ್ಟೆ. ಆಚೆ ದಡದಲ್ಲಿದ್ದ ನನ್ನ ಕೆಲಸದ ಮೇಜು ಸೇರಲು ಸೆಪ್ಟೆಂಬರ್ ಕೊನೆಯ ಒಂದು ಬೆಳಿಗ್ಗೆ ನನಗೆ 85 ನಿಮಿಷ ಹಿಡಿಯಿತು. ಅವತ್ತು ಕ್ಲೈಂಟಿಗೆ ಡೆಮೊ ಇತ್ತು.

ಆ 85 ನಿಮಿಷ ಯಾಕಾಯಿತು, ಆಮೇಲೆ ನಾನು ಏನೇನು ಬದಲಾಯಿಸಿಕೊಂಡೆ, ಯಾವುದು ಕೊನೆವರೆಗೂ ಸರಿಹೋಗಲೇ ಇಲ್ಲ ಅಂತ ಇಲ್ಲಿ ಬರೆದಿಡುತ್ತಿದ್ದೇನೆ. ಸಣ್ಣ ಊರು, ಓಡಾಟಕ್ಕೇನು ಕಷ್ಟ ಅಂದುಕೊಂಡು ಲ್ಯಾಪ್‌ಟಾಪ್ ಹಿಡಿದು ಹೊರಡುವವರಿಗೆ ಉಪಯೋಗಕ್ಕೆ ಬಂದೀತು.

ಹಿನ್ನೆಲೆ

ನಾನು ಮಂಗಳೂರಿನವಳು. ಕೆಲಸ ಬೆಂಗಳೂರಿನ ಕಂಪನಿಯದು, ಎಲ್ಲಿ ಬೇಕಾದರೂ ಕೂತು ಮಾಡಬಹುದು. ಮಾಲ್ಟಾ ನಮ್ಮಂಥವರಿಗೆ ಅಂತಲೇ 2021ರಲ್ಲಿ ನೋಮ್ಯಾಡ್ ರೆಸಿಡೆನ್ಸ್ ಪರ್ಮಿಟ್ ಶುರುಮಾಡಿತು. ಸಂಬಳ ಕೊಡುವ ಕಂಪನಿ ಮಾಲ್ಟಾದ ಹೊರಗಿರಬೇಕು. ಮೊದಲು ತಿಂಗಳಿಗೆ 2,700 ಯೂರೋ ಆದಾಯ ತೋರಿಸಿದರೆ ಸಾಕಿತ್ತು. 2024ರಿಂದ ವರ್ಷಕ್ಕೆ 42,000 ಯೂರೋ ಮಾಡಿದ್ದಾರೆ. ಕಾಗದಪತ್ರದ ಕಥೆ ಇಲ್ಲಿ ಬೇಡ, ಅದಕ್ಕೆ ಬೇರೆಯೇ ಪುರಾಣ ಬರೆಯಬೇಕು.

ದೇಶ ಚಿಕ್ಕದು. ಎಲ್ಲ ದ್ವೀಪ ಸೇರಿಸಿ 316 ಚದರ ಕಿಲೋಮೀಟರ್. ಅಂದರೆ ಬೆಂಗಳೂರು ಮಹಾನಗರದ ಅರ್ಧಕ್ಕಿಂತ ಕಮ್ಮಿ. 2021ರ ಜನಗಣತಿಯಲ್ಲಿ ಜನ 5.19 ಲಕ್ಷ. ವಾಹನಗಳು 4 ಲಕ್ಷ ದಾಟಿವೆ. ಈ ಎರಡು ಅಂಕಿ ಪಕ್ಕಪಕ್ಕ ಇಟ್ಟು ನೋಡಿದ್ದರೆ ನನಗೆ ಅರ್ಧ ವಿಷಯ ಅಲ್ಲೇ ತಿಳಿಯುತ್ತಿತ್ತು. ರೈಲಿಲ್ಲ. ಹಿಂದೆ ವಲ್ಲೆಟ್ಟಾದಿಂದ ಒಂದೇ ಒಂದು ರೈಲು ಮಾರ್ಗ ಇತ್ತು, 1883ರಲ್ಲಿ ಬಂದದ್ದು 1931ರಲ್ಲಿ ಮುಚ್ಚಿತು. ಮೆಟ್ರೋ ಇಲ್ಲ. ಬಾಡಿಗೆಯ ಇ-ಸ್ಕೂಟರುಗಳನ್ನು 2024ರ ಮಾರ್ಚ್‌ನಿಂದ ನಿಷೇಧಿಸಿದ್ದಾರೆ. ಉಳಿಯುವುದು ಬಸ್ಸು, ದೋಣಿ, ಟ್ಯಾಕ್ಸಿ, ಮತ್ತೆ ಕಾಲು.

ವಲ್ಲೆಟ್ಟಾದ ಇನ್ನೊಂದು ಮಗ್ಗುಲಿನ ಸ್ಲೀಮಾ ಕಡೆ ಬಾಡಿಗೆ ಕೇಳಿ ಎದೆ ಧಸಕ್ಕೆಂದಿತು. ಹಾಗಾಗಿ ಬಂದರಿನ ಈಚೆ ದಡ ಹಿಡಿದೆ. ಇಲ್ಲಿ ಅಕ್ಕಪಕ್ಕ ಮೂರು ಹಳೇ ಊರುಗಳಿವೆ, ಒಂದೊಂದಕ್ಕೂ ಎರಡೆರಡು ಹೆಸರು. ಬಿರ್ಗು ಅಂದರೂ ವಿಟ್ಟೊರಿಯೋಸಾ ಅಂದರೂ ಒಂದೇ. ಬೊರ್ಮ್ಲಾವೇ ಕಾಸ್ಪಿಕುವಾ. ಇಸ್ಲಾವೇ ಸೆಂಗ್ಲೆಯಾ. ಬಾಡಿಗೆ ಕರಾರಿನಲ್ಲಿ ಒಂದು ಹೆಸರು, ಬಸ್ಸಿನ ಬೋರ್ಡಿನಲ್ಲಿ ಇನ್ನೊಂದು. ಮೊದಲ ವಾರ ವಿಟ್ಟೊರಿಯೋಸಾ ಬಸ್ಸಿಗೆ ಕಾಯುತ್ತಾ ಎರಡು ಬಿರ್ಗು ಬಸ್ಸನ್ನು ಸುಮ್ನೆ ಬಿಟ್ಟುಕೊಟ್ಟಿದ್ದೇನೆ. ವಲ್ಲೆಟ್ಟಾವನ್ನಂತೂ ಊರಿನವರು ಹಾಗೆ ಕರೆಯುವುದೇ ಅಪರೂಪ. ಇಲ್-ಬೆಲ್ಟ್ ಅನ್ನುತ್ತಾರೆ, ಅಂದರೆ ಊರು. ನಮ್ಮಲ್ಲಿ ಪೇಟೆಗೆ ಹೋಗಿಬರ್ತೇನೆ ಅಂದ ಹಾಗೆ.

ದೂರದ ಕೆಲಸದವಳಿಗೆ ದಿನಾ ಪೇಟೆಗೆ ಹೋಗುವ ಕರ್ಮ ಯಾಕೆ ಅಂತ ಕೇಳಬಹುದು. ಮನೆ ಸುಣ್ಣಕಲ್ಲಿನದು. ಗೋಡೆ ಎಷ್ಟು ದಪ್ಪ ಅಂದರೆ ರೂಟರ್ ಇದ್ದ ಕೋಣೆಯಿಂದ ಪಕ್ಕದ ಕೋಣೆಗೆ ವೈಫೈ ಬರುತ್ತಿರಲಿಲ್ಲ. ರೂಟರ್ ಇದ್ದ ಕೋಣೆಯ ಆಚೆ ಮಗ್ಗುಲಲ್ಲಿ ಪಕ್ಕದ ಮನೆ ಒಡೆದು ಕಟ್ಟುತ್ತಿದ್ದರು. ಮಾಲ್ಟಾದಲ್ಲಿ ಎಲ್ಲಿ ನೋಡಿದರೂ ಕ್ರೇನು. ಕಲ್ಲು ಕೊರೆಯುವ ಸದ್ದಿನಲ್ಲಿ ಸ್ಕ್ರೀನ್ ಹಂಚಿಕೊಂಡು ಮಾತಾಡಲು ಆಗಲ್ಲ. ಕಿಟಕಿ ಪಕ್ಕದ ಒಂದು ಮೂಲೆಯಲ್ಲಿ ಮೊಬೈಲ್ ಸಿಗ್ನಲ್ ಸಿಗುತ್ತಿತ್ತು. ಅದು ಬರೀ ಮಾತಿಗೆ ಸಾಕು. ಹೀಗಾಗಿ ವಲ್ಲೆಟ್ಟಾದಲ್ಲಿ, ಅಪ್ಪರ್ ಬರಾಕ್ಕಾ ತೋಟದಿಂದ ಕೂಗಳತೆಯಲ್ಲಿ, ತಿಂಗಳ ಲೆಕ್ಕದಲ್ಲಿ ಒಂದು ಮೇಜು ಹಿಡಿದೆ.

ಪುಕ್ಕಟೆ ಬಸ್ಸು

2022ರ ಅಕ್ಟೋಬರ್‌ನಿಂದ ಮಾಲ್ಟಾದ ನಿವಾಸಿಗಳಿಗೆ ಬಸ್ಸು ಉಚಿತ. ತಾಲ್ಲಿನ್ಯಾ ಅಂತ ಒಂದು ಕಾರ್ಡು, ಅದರಲ್ಲಿ ಹೆಸರು ಫೋಟೋ ಇರುತ್ತದೆ. ಹತ್ತುವಾಗ ಯಂತ್ರಕ್ಕೆ ತೋರಿಸಿದರೆ ಮುಗಿಯಿತು. ರೆಸಿಡೆನ್ಸ್ ಕಾರ್ಡ್ ಬಂದ ಮೇಲೆ ನನಗೂ ಅದು ಸಿಕ್ಕಿತು. ಊರಿನಲ್ಲಿ ಶಕ್ತಿ ಯೋಜನೆ ಬಂದ ಹೊಸದರಲ್ಲಿ ಅಮ್ಮ ಆಧಾರ್ ಕಾರ್ಡ್ ಹಿಡಿದು ಧರ್ಮಸ್ಥಳ, ಸುಬ್ರಹ್ಮಣ್ಯ ಅಂತ ಸುತ್ತಿದ್ದನ್ನು ನೋಡಿ ನಕ್ಕಿದ್ದೆ. ಈಗ ನನ್ನ ಸರದಿ.

ಬಿರ್ಗುವಿನ 2ನೇ ನಂಬರ್ ಬಸ್ಸು ವಲ್ಲೆಟ್ಟಾ ಕೋಟೆ ಬಾಗಿಲಿನ ಎದುರು, ಟ್ರೈಟನ್ ಕಾರಂಜಿಯ ಹತ್ತಿರ ಇಳಿಸುತ್ತದೆ. ಮ್ಯಾಪು 25 ನಿಮಿಷ ಅನ್ನುತ್ತಿತ್ತು. ಅದೇ ಮ್ಯಾಪು ದೋಣಿ ದಾರಿಗೆ 40 ನಿಮಿಷ ತೋರಿಸುತ್ತಿತ್ತು, ಮೇಲೆ ಟಿಕೆಟ್ ಬೇರೆ. ಬೇಗ ಹೋಗುತ್ತದೆ, ಪುಕ್ಕಟೆ ಬೇರೆ. ಯೋಚಿಸುವುದೇನಿದೆ? ಜೂನ್, ಜುಲೈ, ಆಗಸ್ಟ್ ಮೂರು ತಿಂಗಳು ಬಸ್ಸಿನಲ್ಲೇ ಓಡಾಡಿದೆ.

ಈ ದಾರಿಯ ಆಕಾರ ಸ್ವಲ್ಪ ಹೇಳಬೇಕು. ಗ್ರ್ಯಾಂಡ್ ಹಾರ್ಬರ್ ಅನ್ನುವ ಆ ದೊಡ್ಡ ಬಂದರು ನೆಲದೊಳಕ್ಕೆ ಬೆರಳುಗಳ ಹಾಗೆ ಚಾಚಿಕೊಂಡಿದೆ. ಬಿರ್ಗು, ಇಸ್ಲಾ ಇರುವುದು ಆ ಬೆರಳುಗಳ ನಡುವಿನ ನಾಲಿಗೆಗಳ ಮೇಲೆ. ರಸ್ತೆಯಲ್ಲಿ ಹೋಗಬೇಕು ಅಂದರೆ ಎಲ್ಲ ಬೆರಳನ್ನೂ ಬಳಸಿಕೊಂಡು, ಪಾವ್ಲಾ ಮೇಲೆ ಹಾದು, ಬಂದರಿನ ತುದಿಯಲ್ಲಿರುವ ಮಾರ್ಸಾ ಮುಟ್ಟಿ, ಅಲ್ಲಿಂದ ಫ್ಲೋರಿಯಾನಾ ಹತ್ತಿ ವಲ್ಲೆಟ್ಟಾ. ದೇಶದ ದಕ್ಷಿಣದ ಕಾರುಗಳಲ್ಲಿ ಮುಕ್ಕಾಲು ಪಾಲು ಬೆಳಿಗ್ಗೆ ಮಾರ್ಸಾಕ್ಕೇ ಬಂದು ಬೀಳುತ್ತವೇನೋ ಅನಿಸುತ್ತಿತ್ತು. ಅಲ್ಲಿ ಏಳು ಫ್ಲೈಓವರ್ ಕಟ್ಟಿದ್ದಾರೆ. ಫ್ಲೈಓವರ್ ಕಟ್ಟಿದರೆ ಮುಂದಿನ ಜಾಮಿಗೆ ಬೇಗ ಹೋಗಿ ನಿಲ್ಲಬಹುದು, ಬೆಂಗಳೂರಿನವರಿಗೆ ಹೇಳಿಕೊಡಬೇಕಾ?

ಮೊದಲ ಎಚ್ಚರಿಕೆ ಸಿಕ್ಕಿದ್ದು ಸೆಪ್ಟೆಂಬರ್ 8ರಂದು. ಮಂಗಳೂರಿನಲ್ಲಿ ಅವತ್ತು ಮೊಂತಿ ಫೆಸ್ತ್, ಮೇರಿ ಮಾತೆ ಹುಟ್ಟಿದ ದಿನ. ಇಸ್ಲಾದಲ್ಲೂ ಅದೇ ದಿನ ಅದೇ ಹಬ್ಬ. ಹೆಸರು ಬಂಬೀನಾ. ಹಬ್ಬಕ್ಕೆ ಅಲ್ಲೂ ಫೆಸ್ತಾ ಅಂತಲೇ ಅನ್ನುತ್ತಾರೆ. 1565ರಲ್ಲಿ ತುರ್ಕರು ಹಾಕಿದ್ದ ಮುತ್ತಿಗೆ ಮುಗಿದ ನೆನಪಿಗೆ ದೇಶಕ್ಕೆಲ್ಲ ರಜೆ, ಹಾರ್ಬರಿನಲ್ಲಿ ದೋಣಿ ಓಟ, ಹಗಲು ಹೊತ್ತಿನಲ್ಲೇ ಢಂ ಢಂ ಅಂತ ಗರ್ನಾಲು. ಆದರೆ ಬೆಂಗಳೂರಿಗೆ ರಜೆ ಇಲ್ಲವಲ್ಲ. ಸಂಜೆ ಕೆಲಸ ಮುಗಿಸಿ ಹೊರಟರೆ ಬಸ್ಸು ಬೇರೆ ದಾರಿ ಹಿಡಿದು, ಬೊರ್ಮ್ಲಾದ ಮೇಲೆ ಎಲ್ಲೋ ಇಳಿಸಿತು. ಬ್ಯಾಂಡಿನ ಹಿಂದೆ ನಡೆದುಕೊಂಡೇ ಮನೆಗೆ ಬಂದೆ. ಹಬ್ಬ ಅಲ್ವಾ ಅಂತ ನಾನೂ ಖುಷಿಯಾಗಿದ್ದೆ. ಎಚ್ಚರಿಕೆ ಅಂತ ತಲೆಗೇ ಹೋಗಲಿಲ್ಲ.

ಆ ದಿನ

ಮಾಲ್ಟಾದಲ್ಲಿ ಸೆಪ್ಟೆಂಬರ್ ಕೊನೆಗೆ ಶಾಲೆ ಶುರುವಾಗುತ್ತದೆ. ಬೇಸಿಗೆಯಲ್ಲಿ ಬಂದವರಿಗೆ ನಿಜವಾದ ಟ್ರಾಫಿಕ್ ಗೊತ್ತಿರಲ್ಲ. ನನಗೂ ಗೊತ್ತಿರಲಿಲ್ಲ.

ಡೆಮೊ ಬೆಂಗಳೂರಿನ ಮಧ್ಯಾಹ್ನ 12:30ಕ್ಕೆ. ಅಂದರೆ ಇಲ್ಲಿ ಬೆಳಿಗ್ಗೆ 9. ನಾನು 8 ಗಂಟೆಗೇ ಸ್ಟಾಪಿನಲ್ಲಿದ್ದೆ. ಅಲ್ಲಿ ಬಸ್ಸಿಗೆ ಕೈ ಅಡ್ಡ ಹಿಡಿಯಬೇಕು, ಇಲ್ಲದಿದ್ದರೆ ನಿಲ್ಲಿಸಲ್ಲ. ಮೊದಲ ಬಸ್ಸು ಬಂತು. ಕೈ ಹಿಡಿದೆ. ಬೋರ್ಡಿನಲ್ಲಿ ಊರಿನ ಹೆಸರಿನ ಬದಲು ಬಸ್ ಫುಲ್ ಅಂತ ಓಡುತ್ತಿತ್ತು. ಡ್ರೈವರ್ ಎರಡು ಬೆರಳೆತ್ತಿ ಹಿಂದಕ್ಕೆ ತೋರಿಸಿ ಹೋದ. ಹಿಂದೆ ಇನ್ನೊಂದು ಬರುತ್ತಿದೆ ಅಂತ ಅರ್ಥ. ಹಿಂದಿನದೂ ಫುಲ್. ಸ್ಟಾಪಿನಲ್ಲಿದ್ದ ಒಬ್ಬ ಅಜ್ಜಿ ಚೀಲ ನೆಲಕ್ಕಿಟ್ಟು "ಮೆಲಾ" ಅಂದರು. ಮೆಲಾ ಅಂದರೆ ನಮ್ಮ "ಮತ್ತೆ" ಇದ್ದ ಹಾಗೆ. ಸರಿ, ಹೌದು, ಇನ್ನೇನು, ಹಣೆಬರಹ, ಎಲ್ಲದಕ್ಕೂ ಅದೇ ಪದ.

8:25ಕ್ಕೆ ಟ್ಯಾಕ್ಸಿ ಕರೆದೆ. ಅದು ಬಂದದ್ದು 8:40ಕ್ಕೆ. ಅದೂ ಅದೇ ರಸ್ತೆಯಲ್ಲೇ ಹೋಗಬೇಕು ತಾನೆ? ಬಸ್ಸಿನ ಮೇಲಿನ ಸಿಟ್ಟಿನಲ್ಲಿ ಇದು ಹೊಳೆದಿರಲೇ ಇಲ್ಲ. ಸರಿಯಾಗಿ 9ಕ್ಕೆ ಪಾವ್ಲಾದಲ್ಲಿ ನಿಂತಿದ್ದೆವು. ಕ್ಯಾಮೆರಾ ಆಫ್ ಮಾಡಿ ಫೋನಿನಲ್ಲಿ ಮೀಟಿಂಗ್ ಸೇರಿದೆ. ತೋರಿಸಬೇಕಾದ್ದೆಲ್ಲ ಲ್ಯಾಪ್‌ಟಾಪಿನಲ್ಲಿ, ಲ್ಯಾಪ್‌ಟಾಪ್ ತೊಡೆಯ ಮೇಲೆ, ಫೋನಿನ ಹಾಟ್‌ಸ್ಪಾಟ್ ಮಾರ್ಸಾದ ಒಂದು ಸೇತುವೆ ಕೆಳಗೆ ಸತ್ತೇ ಹೋಯಿತು. ಹಿಂದಿನಿಂದ ಹಾರ್ನು. ಕ್ಲೈಂಟ್ ಕಡೆಯವರೊಬ್ಬರು, ನೀವು ಮೆಡಿಟರೇನಿಯನ್ನಿನಲ್ಲಿ ಇದ್ದೀರಿ ಅಂದಿದ್ದರಲ್ಲ, ಇದು ಸಿಲ್ಕ್ ಬೋರ್ಡ್ ಸದ್ದು ಅಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ, ಹೊಟ್ಟೆಯೊಳಗೆ ಬೆಂಕಿ. 9:25ಕ್ಕೆ ಮೇಜು ಮುಟ್ಟಿದಾಗ ನನ್ನ ಬದಲು ಸಹೋದ್ಯೋಗಿಯೊಬ್ಬರು ಅರ್ಧ ಡೆಮೊ ಮುಗಿಸಿದ್ದರು. ಅವರಿಗೆ ಅದು ಪೂರ್ತಿ ಗೊತ್ತಿರಲಿಲ್ಲ. ಅದರ ಪೆಟ್ಟು ಎರಡು ವಾರ ಇತ್ತು.

ಕಾಸರಗೋಡಿನ ಡ್ರೈವರ್

ಅವತ್ತು ರಾತ್ರಿ ಬಸ್ಸಿನಲ್ಲಿ ನಾಲ್ಕೇ ಜನ. ಅಲ್ಲಿ ಬಸ್ಸು ಓಡಿಸುವವರಲ್ಲಿ ಭಾರತದವರು ಬಹಳ. ಗಾಡಿ ಎಡಗಡೆಯೇ ಓಡುತ್ತದೆ, ಬ್ರಿಟಿಷರು ಬಿಟ್ಟುಹೋದ ಅಭ್ಯಾಸ, ಹಾಗಾಗಿ ನಮ್ಮವರಿಗೆ ಕೈ ಬೇಗ ಕೂರುತ್ತದೆ. ಡ್ರೈವರ್ ನನ್ನ ಕಾರ್ಡಿನ ಹೆಸರು ನೋಡಿ ಎಲ್ಲಿಯವರು ಅಂತ ಕೇಳಿದ. ಮಂಗಳೂರು ಅಂದೆ. ಅವನು ಕಾಸರಗೋಡು. ಆಮೇಲೆ ಇಂಗ್ಲಿಷು ಬಿಟ್ಟು ತುಳುವಿಗೆ ಬಂದೆವು.

ಬೆಳಗಿನ ಕಥೆ ಹೇಳಿಕೊಂಡೆ. ಅವನಿಗೆ ಆಶ್ಚರ್ಯ ಏನೂ ಆಗಲಿಲ್ಲ. "ಬಿರ್ಗುವಿನಲ್ಲಿ ಮನೆ ಇಟ್ಟುಕೊಂಡು ಬಸ್ಸಿಗೆ ಯಾಕೆ ಬರ್ತೀರಿ? ಕಡವು ಇಲ್ವಾ?" ಅಂದ.

ಕಡವು! ದೋಣಿ ದಾಟಿಸುವ ಜಾಗ. ನಾನು ಬೆಳೆದದ್ದೇ ಸುಲ್ತಾನ್ ಬತ್ತೇರಿಯ ಹತ್ತಿರ. ತಣ್ಣೀರುಬಾವಿ ಕಡಲತೀರ ನದಿಯ ಆಚೆ ಕಾಣುತ್ತದೆ. ರಸ್ತೆಯಲ್ಲಿ ಹೋಗುವವರು ಕೂಳೂರು ಸೇತುವೆ ಮೇಲೆ ಸುತ್ತು ಹೊಡೆದು ಬರುತ್ತಾರೆ. ನಾವು ಕಡವಿನ ದೋಣಿ ಹತ್ತಿ ದಾಟುತ್ತೇವೆ. ಕಾರು ತಂದು ಕೂಳೂರಿನಲ್ಲಿ ಸಿಕ್ಕಿಹಾಕಿಕೊಂಡ ಬೆಂಗಳೂರಿನ ನೆಂಟರನ್ನು ಎಷ್ಟು ಸಲ ಆಡಿಕೊಂಡಿದ್ದೇವೋ! ಮಾರ್ಸಾ ಅಂದರೆ ಇನ್ನೇನು, ಕೂಳೂರೇ. ಇಷ್ಟು ತಿಂಗಳು ಎದುರಿಗಿನ ದಡ ನೋಡುತ್ತಾ ಮ್ಯಾಪಿನ ಮಾತು ಕೇಳಿ ಕೂಳೂರಿಗೆ ಹೋಗಿದ್ದೆ.

ಲೆಕ್ಕ

ಮಾರನೇ ದಿನದಿಂದ ದೋಣಿ. ಮನೆಯಿಂದ ಮರೀನಾ ಪಕ್ಕದಲ್ಲಿ ನಡೆದು ಬೊರ್ಮ್ಲಾದ ಕಟ್ಟೆಗೆ ಹತ್ತು ನಿಮಿಷ. ಅರ್ಧ ಗಂಟೆಗೊಂದು ದೋಣಿ. ನೀರಿನ ಮೇಲೆ ಹತ್ತು ನಿಮಿಷದೊಳಗೆ. ಇಳಿಯುವುದು ವಲ್ಲೆಟ್ಟಾ ಕೋಟೆಯ ಬುಡದಲ್ಲಿ, ಲಸ್ಕಾರಿಸ್ ಅನ್ನುವಲ್ಲಿ. ಊರಿರುವುದು ಮೇಲೆ. ರಸ್ತೆ ದಾಟಿದರೆ ಬರಾಕ್ಕಾ ಲಿಫ್ಟು, 58 ಮೀಟರ್ ಎತ್ತರ, ಹತ್ತಲು ಅರ್ಧ ನಿಮಿಷ ಬೇಡ. ಈ ಜಾಗದಲ್ಲಿ 1905ರಲ್ಲೇ ಒಂದು ಲಿಫ್ಟ್ ಇತ್ತು. 1973ರಲ್ಲಿ ನಿಂತಿತು, ಹತ್ತು ವರ್ಷದ ಮೇಲೆ ಅದನ್ನು ಕಳಚಿಹಾಕಿದರು. ಈಗಿನದು ಬಂದದ್ದು 2012ರಲ್ಲಿ. ನಡುವಿನ ನಲವತ್ತು ವರ್ಷ ಜನ ಇದನ್ನೆಲ್ಲ ಕಾಲಲ್ಲೇ ಹತ್ತಿದರು ಅಂತ ನೆನೆದರೆ ನನ್ನ ಗೊಣಗಾಟಕ್ಕೆ ನಾಚಿಕೆಯಾಗುತ್ತಿತ್ತು.

ದಿನಾ ಮನೆ ಬಾಗಿಲಿನಿಂದ ಮೇಜಿನವರೆಗೆ ಎಷ್ಟಾಯಿತು ಅಂತ ಫೋನಿನಲ್ಲಿ ಗುರುತು ಹಾಕಿಕೊಳ್ಳತೊಡಗಿದೆ. ದೋಣಿಯಲ್ಲಿ ಒಂದು ದಿನ 38 ನಿಮಿಷ, ಒಂದು ದಿನ 41, ಒಂದು ದಿನ 44. ಹಳೇ ಮೆಸೇಜುಗಳನ್ನು ತಿರುಗಿಸಿ ನೋಡಿದರೆ ಬಸ್ಸಿನಲ್ಲಿ 28 ನಿಮಿಷಕ್ಕೆ ತಲುಪಿದ ದಿನವೂ ಇತ್ತು, 70 ಆದ ದಿನವೂ ಇತ್ತು. ಬಸ್ಸಿನ ಒಳ್ಳೇ ದಿನಗಳನ್ನು ನೆನಪಿಟ್ಟುಕೊಂಡು ಕೆಟ್ಟ ದಿನಗಳನ್ನು ದುರದೃಷ್ಟ ಅಂದುಕೊಂಡಿದ್ದೆ. ಸಿನಿಮಾಕ್ಕೋ ಮಾರ್ಕೆಟ್ಟಿಗೋ ಹೋಗುವವರಿಗೆ ಬಸ್ಸೇ ವಾಸಿ, ಹತ್ತು ನಿಮಿಷ ಹಿಂದೆ ಮುಂದೆ ಆದರೆ ಗಂಟೇನೂ ಹೋಗಲ್ಲ. ಒಂಬತ್ತಕ್ಕೆ ಅಂದರೆ ಒಂಬತ್ತಕ್ಕೇ ಪರದೆ ಮುಂದೆ ಕೂರಬೇಕಾದವರು ಅತಿ ಬೇಗ ಎಷ್ಟು ಅಂತ ನೋಡಬಾರದು, ಅತಿ ತಡ ಎಷ್ಟು ಅಂತ ನೋಡಬೇಕು. ಮ್ಯಾಪು ತೋರಿಸುವುದು ಒಳ್ಳೇ ದಿನದ ಲೆಕ್ಕ.

ದೋಣಿಗೂ ಅದರದೇ ತಕರಾರುಗಳಿದ್ದವು. ಪ್ರವಾಸಿ ಹಡಗು ಬಂದ ದಿನ ಲಿಫ್ಟಿನ ಮುಂದೆ ಟೋಪಿ ಹಾಕಿದವರ ಸಾಲು. ಆಗ ಪಕ್ಕದ ವಿಕ್ಟೋರಿಯಾ ಗೇಟಿನ ಮೂಲಕ ನಡೆದು ಹತ್ತುವುದೇ ಬೇಗ. ಆದರೆ ವಲ್ಲೆಟ್ಟಾದ ಮೆಟ್ಟಿಲುಗಳು, ಕಲ್ಲು ಹಾಸಿದ ಬೀದಿಗಳು ಜನ ತುಳಿದು ತುಳಿದು ಗಾಜಿನಂತಾಗಿವೆ. ಶ್ಲೊಕ್ ಅಂತ ಆಗ್ನೇಯದಿಂದ ಒಂದು ಹಸಿ ಗಾಳಿ ಬೀಸುತ್ತದೆ. ಅವತ್ತು ಮಳೆ ಇಲ್ಲದೆಯೂ ಕಲ್ಲು ಬೆವರುತ್ತದೆ. ಮಂಗಳೂರಿನ ಮಳೆಗಾಲದ ಪಾಚಿ ಕಟ್ಟಿದ ಅಂಗಳದಲ್ಲಿ ನಡೆದು ಅಭ್ಯಾಸ ಇದ್ದವಳೇ ಎರಡು ಸಲ ಬಿದ್ದೆ. ಚಪ್ಪಲಿ ಬಿಟ್ಟು ರಬ್ಬರ್ ಅಡಿಯ ಶೂ ಕೊಂಡೆ.

ನಿಜವಾದ ಶತ್ರು ಗ್ರಿಗಾಲ್. ಈಶಾನ್ಯದ ಗಾಳಿ. ಗ್ರ್ಯಾಂಡ್ ಹಾರ್ಬರಿನ ಬಾಯಿ ಇರುವುದೂ ಈಶಾನ್ಯಕ್ಕೇ. ಈ ಗಾಳಿಯನ್ನು ತಡೆಯಲಿ ಅಂತಲೇ 1903ರಲ್ಲಿ ಬಾಯಿಗೆ ಅಡ್ಡಗೋಡೆ ಕಟ್ಟಲು ಶುರುಮಾಡಿದರು. ಆದರೂ ಜೋರು ಬೀಸಿದ ದಿನ ದೋಣಿ ನಿಲ್ಲುತ್ತದೆ. ನನಗೆ ನವೆಂಬರಿನಲ್ಲಿ ಎರಡು ದಿನ ಹಾಗಾಯಿತು. ಸಮಾಧಾನ ಏನೆಂದರೆ ಗಾಳಿ ಹಿಂದಿನ ದಿನವೇ ಹವಾಮಾನದ ವರದಿಯಲ್ಲಿ ಗೊತ್ತಾಗುತ್ತದೆ. ಬಸ್ ಫುಲ್ ಅನ್ನುವುದು ಬಸ್ಸು ಎದುರಿಗೆ ಬಂದ ಮೇಲೇ ಗೊತ್ತಾಗುವುದು.

ಒಮ್ಮೊಮ್ಮೆ ದೋಣಿ ತಪ್ಪಿದಾಗ ದೈಸಾ ಹತ್ತುತ್ತಿದ್ದೆ. ಬಣ್ಣ ಬಳಿದ, ಮೂತಿ ಎತ್ತಿದ ಸಣ್ಣ ದೋಣಿ. ಹಿಂದೆ ಹುಟ್ಟು, ಈಗ ಮೋಟರು. ನಾನು ಕೊಡುತ್ತಿದ್ದದ್ದು ಎರಡು ಯೂರೋ. ದೋಣಿಯವನು ಇನ್ನಿಬ್ಬರು ಬರಲಿ ಅಂತ ಸಿಗರೇಟು ಹಚ್ಚಿದರೆ ಮುಗಿಯಿತು. ಗಡಿಯಾರ ನೋಡಿಕೊಳ್ಳುವವರಿಗೆ ಹೇಳಿದ್ದಲ್ಲ, ಭಾನುವಾರಕ್ಕೆ ಚೆಂದ.

ಗಡಿಯಾರ ತಿರುಗಿದ್ದು

ಅಕ್ಟೋಬರ್ ಕೊನೆಯ ಭಾನುವಾರ ಯುರೋಪು ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ಇಡುತ್ತದೆ. ಭಾರತದ ಜೊತೆಗಿನ ಅಂತರ ಮೂರೂವರೆ ಗಂಟೆ ಇದ್ದದ್ದು ನಾಲ್ಕೂವರೆ ಆಯಿತು. ಬೆಂಗಳೂರಿನ 12:30 ನನಗೆ ಬೆಳಿಗ್ಗೆ 8. ದೋಣಿಯ ಲೆಕ್ಕ ಈಗಷ್ಟೇ ಕುದುರಿತ್ತು, ಎಲ್ಲ ತಲೆಕೆಳಗು. ಎಂಟಕ್ಕೆ ಮೇಜಿನಲ್ಲಿರಬೇಕು ಅಂದರೆ ಏಳರ ದೋಣಿ ಹಿಡಿಯಬೇಕು. ಅದು ತಪ್ಪಿದರೆ ಸತ್ತೆ.

ಆಗ ಬುದ್ಧಿ ಬಂದದ್ದು. ದಾರಿ ಬದಲಾಯಿಸುತ್ತಾ ಕೂತಿದ್ದೆನಲ್ಲ, ಬದಲಾಯಿಸಬೇಕಾದ್ದು ಮೀಟಿಂಗ್ ಆಗಿತ್ತು. ದಿನದ ಮೊದಲ ಮೀಟಿಂಗ್ ಬರೀ ಮಾತು. ಅದಕ್ಕೆ ಕಿಟಕಿ ಪಕ್ಕದ ಮೂಲೆ ಸಾಕು, ಅಷ್ಟು ಹೊತ್ತಿಗೆ ಪಕ್ಕದ ಮನೆಯ ಕೊರೆತ ಶುರುವಾಗಿದ್ದರೂ ನಾನು ಮ್ಯೂಟ್ ಮಾಡಿಕೊಳ್ಳಬಹುದು. ಅದು ಮುಗಿದ ಮೇಲೆ ಒಂಬತ್ತೂವರೆಯ ದೋಣಿ. ಆಫೀಸಿಗೆ ಹೋಗುವವರೆಲ್ಲ ಹೋಗಿಯಾಗಿರುತ್ತಿತ್ತು, ಬೆಂಚು ಖಾಲಿ. ಡೆಮೊಗಳನ್ನೆಲ್ಲ ಸಂಜೆಗೆ, ಬೆಂಗಳೂರಿನ ಐದು ಗಂಟೆಗೆ, ಹಾಕಿಸಿದೆ.

ನಾಲ್ಕೂವರೆಗೆ ಯಾಕಾಗಲ್ಲ ಅಂತ ಮ್ಯಾನೇಜರ್ ಕೇಳಿದರು. ಆ ಹೊತ್ತಿಗೆ ಇಲ್ಲಿ ತೋಪು ಹಾರಿಸುತ್ತಾರೆ ಅಂದೆ. ಫೋನಿನ ಆಚೆ ಕಡೆ ಸ್ವಲ್ಪ ಹೊತ್ತು ಮೌನ. ನಿಜಕ್ಕೂ ಹಾರಿಸುತ್ತಾರೆ. ಬರಾಕ್ಕಾ ತೋಟದ ಕೆಳಗಿನ ಸೆಲ್ಯೂಟಿಂಗ್ ಬ್ಯಾಟರಿಯಲ್ಲಿ ದಿನಾ ಮಧ್ಯಾಹ್ನ 12ಕ್ಕೆ, ಅಂದರೆ ಬೆಂಗಳೂರಿನ ನಾಲ್ಕೂವರೆಗೆ, ಒಂದು, ಇಲ್ಲಿನ 4ಕ್ಕೆ ಇನ್ನೊಂದು. ನನ್ನ ಮೇಜಿನ ಮೇಲಿನ ಲೋಟ ಗಡಗಡ ಅನ್ನುತ್ತಿತ್ತು. ಕೊನೆಗೆ ಒಂದು ದಿನ ಮೈಕ್ ಆನ್ ಇಟ್ಟು ಕೇಳಿಸಿದೆ. ಅಲ್ಲಿಂದ ಮುಂದೆ ನಮ್ಮ ತಂಡದ ಕ್ಯಾಲೆಂಡರಿನಲ್ಲಿ 4:30ರ ಜಾಗದಲ್ಲಿ "ತೋಪು" ಅಂತ ಬರೆದಿರುತ್ತಿತ್ತು.

ಸರಿಹೋಗದೆ ಉಳಿದದ್ದು ಒಂದು. ಚಳಿಗಾಲದಲ್ಲಿ ದೋಣಿ ಸಂಜೆ ಬೇಗ ನಿಲ್ಲುತ್ತಿತ್ತು. ಕೆಲಸ ತಡವಾದ ದಿನ ಮತ್ತೆ ಟ್ರೈಟನ್ ಕಾರಂಜಿಯ ಹತ್ತಿರ 2ನೇ ನಂಬರಿಗೆ ಕಾಯುವುದೇ ಗತಿ. ಕೋಟೆ ಬಾಗಿಲ ಬಳಿ ಬಟಾಣಿ ತುಂಬಿದ ಪಸ್ತಿಜ್ಜಿ ಕೊಂಡು, ಬಿಸಿ ಕಾಗದ ಒಂದು ಕೈಯಿಂದ ಇನ್ನೊಂದಕ್ಕೆ ಬದಲಾಯಿಸುತ್ತಾ ನಿಲ್ಲುತ್ತಿದ್ದೆ. ಬಸ್ಸು ತಡವಾಗಿಯೇ ಬರುತ್ತಿತ್ತು. ಆದರೆ ಆ ಹೊತ್ತಿಗೆ ಯಾವ ಮೀಟಿಂಗೂ ಇರುತ್ತಿರಲಿಲ್ಲ, ಸೀಟೂ ಸಿಗುತ್ತಿತ್ತು. ಕಾಸರಗೋಡಿನವನ ಡ್ಯೂಟಿ ಇದ್ದರೆ ಅವನ ಹಿಂದಿನ ಸೀಟಿನಲ್ಲಿ ಕೂತು, ಮಾರ್ಸಾ ದಾಟುವವರೆಗೂ ಊರಿನ ಮಾತಾಡುತ್ತಾ ಹೋಗುತ್ತಿದ್ದೆ.